ಬ್ಯಾಂಕ್ ಸಾಲ ಜಾಸ್ತಿ ಮಾಡಲೋ, ಭಾವನನ್ನು ಪಾಲಿಗೆ ಸೇರಿಸಿಕೊಳ್ಳಲೋ?

ಕೊಪ್ಪಳದಿಂದ ಕೇಳಿದ್ದು:
ಎರಡು ಪೋರ್ಷನ್ ಇರುವ ಮನೆ ನೋಡಿದ್ದೇನೆ, ಬಾಡಿಗೆಗೆ ಬಿಡೋಕೆ. 40 ಲಕ್ಷ ಹೇಳುತ್ತಿದ್ದಾರೆ. ಬಾಡಿಗೆ ಒಟ್ಟು 17 ಸಾವಿರ ಬರುತ್ತದೆ. ಕೈಯಲ್ಲಿ 12 ಲಕ್ಷ ಇದೆ. ಉಳಿದ 28 ಲಕ್ಷ ಬ್ಯಾಂಕಿನಿಂದ ತರಲೋ, ಇಲ್ಲ 10 ಲಕ್ಷ ಹಾಕುತ್ತೇನೆ ಅನ್ನುವ ಭಾವನನ್ನು ಸೇರಿಸಿಕೊಳ್ಳಲೋ? ಅನುಭವ ಇದ್ದವರು ಹೇಳಿ.

ಬಳ್ಳಾರಿಯಿಂದ:
ಅಣ್ಣಾ, ನಿಮ್ಮ ಲೆಕ್ಕದಲ್ಲಿ ನೋಂದಣಿ ಖರ್ಚೇ ಇಲ್ಲವಲ್ಲ! ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ ಸೇರಿ ಹತ್ತಿರ ಹತ್ತಿರ 3 ಲಕ್ಷ ಬೇಕು. ಬ್ಯಾಂಕು ಅದನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೊಡುವುದಿಲ್ಲ. ಹಾಗಾಗಿ ನಿಮ್ಮ 12 ಲಕ್ಷ ಈಗಲೇ 9 ಆಯಿತು.

ಒಬ್ಬರೇ ಮಾಡಿದರೆ 31 ಲಕ್ಷ ಸಾಲ. 9ರ ಬಡ್ಡಿ, 20 ವರ್ಷ ಅಂದರೆ ಕಂತು ಸುಮಾರು 27,900. ಭಾವ ಸೇರಿದರೆ 21 ಲಕ್ಷ ಸಾಲ, ಕಂತು 18,900. ಮೊದಲನೆಯದರಲ್ಲಿ ಬಾಡಿಗೆ ಪೂರ್ತಿ ಬಂದರೂ ತಿಂಗಳಿಗೆ 10,900 ಸಂಬಳದಿಂದ ಹಾಕಬೇಕು. ಒಂದು ಪೋರ್ಷನ್ ಖಾಲಿ ಬಿದ್ದರೆ ಏನು ಮಾಡುತ್ತೀರಿ? ಆ ತಿಂಗಳ ಲೆಕ್ಕ ಬರೆದು ನೋಡಿ.

ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2011ರ ಶುರುವಿನಲ್ಲಿ ಅಪ್ಪ ಸಿರುಗುಪ್ಪ ರಸ್ತೆ ಕಡೆ ಸೈಟು ತೆಗೆದುಕೊಂಡರು. 6 ಲಕ್ಷ ಕೈಸಾಲ, ಎರಡು ರೂಪಾಯಿ ಬಡ್ಡಿ. ಅಂದರೆ ವರ್ಷಕ್ಕೆ ನೂರಕ್ಕೆ 24. ಆರು ತಿಂಗಳಲ್ಲಿ ಮಾರಿಬಿಡೋಣ ಅಂತಿದ್ದರು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಲಾರಿಗಳು ನಿಂತವು, ಸೈಟು ಕೇಳುವವರೂ ನಿಂತರು. ಬಡ್ಡಿ ಮಾತ್ರ ನಿಲ್ಲಲಿಲ್ಲ. ಕ್ಯಾಲೆಂಡರಿನಲ್ಲಿ ಪ್ರತಿ ತಿಂಗಳ 5ನೇ ತಾರೀಖಿಗೆ ಅಪ್ಪ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದರು. ಅವತ್ತು 12 ಸಾವಿರ ಕೊಡಬೇಕು. ದೀಪಾವಳಿ ಬಂದರೂ ಅಮ್ಮನ ಕಣ್ಣು ಆ ಸುತ್ತಿನ ಮೇಲೇ ಇರುತ್ತಿತ್ತು. ಮೂರು ವರ್ಷಕ್ಕೆ 4 ಲಕ್ಷ 32 ಸಾವಿರ ಬಡ್ಡಿ ಹೋಯಿತು. ಅಸಲು ಹಾಗೇ ಉಳಿಯಿತು.

ಬ್ಯಾಂಕ್ ಸಾಲ ಅಷ್ಟು ಕ್ರೂರವಲ್ಲ, ನಿಜ. ಆದರೆ ಬೆಲೆ ನೂರಕ್ಕೆ ಹತ್ತು ಇಳಿದರೆ 4 ಲಕ್ಷ ಹೋಗುವುದು ನಿಮ್ಮ 12 ಲಕ್ಷದಿಂದಲೇ. ಬ್ಯಾಂಕಿನ ಸಾಲ ಒಂದು ರೂಪಾಯಿಯೂ ಕಡಿಮೆ ಆಗುವುದಿಲ್ಲ. ನಾನಾಗಿದ್ದರೆ ಭಾವನನ್ನು ಸೇರಿಸಿಕೊಳ್ಳುತ್ತಿದ್ದೆ.

ಸಿಂಧನೂರಿನಿಂದ:
ಸೇರಿಸಿಕೊಳ್ಳಿ, ಆದರೆ ಅವರ 10 ಲಕ್ಷ ಸಾಲವೋ ಪಾಲೋ, ಮೊದಲೇ ಬಾಯಿಬಿಟ್ಟು ಮಾತಾಡಿ. ಪಾಲು ಅಂದರೆ ಎಷ್ಟು? ಕಂತನ್ನೆಲ್ಲ ನಿಮ್ಮ ಸಂಬಳದಿಂದ ಕಟ್ಟಿದರೆ ಅವರದು ಕಾಲು ಪಾಲಿನ ಹತ್ತಿರ. ಬಾಡಿಗೆಯಿಂದಲೇ ಸಾಲ ತೀರಿದರೆ, ಹಾಕಿದ 22 ಲಕ್ಷದಲ್ಲಿ ಅವರದು 10. ಅಂದರೆ ನೂರಕ್ಕೆ 45 ಕೇಳುತ್ತಾರೆ. ಕೇಳಿದರೆ ತಪ್ಪೂ ಅಲ್ಲ.

ನಾವು ಮೂವರು ಸೇರಿ ಒಂದು ಮಳಿಗೆ ತೆಗೆದುಕೊಂಡಿದ್ದೆವು. ಎರಡು ವರ್ಷಕ್ಕೆ ಒಬ್ಬರಿಗೆ ಮಗಳ ಮದುವೆ ಬಂತು, ದುಡ್ಡು ವಾಪಸ್ ಕೇಳಿದರು. ಇವತ್ತಿನ ಬೆಲೆ ಪ್ರಕಾರ ಕೊಡಿ ಅಂದರು ಅವರು. ಹಾಕಿದ್ದಷ್ಟೇ ಅಂದೆವು ನಾವು. ಕಾಗದದಲ್ಲಿ ಏನೂ ಬರೆದಿರಲಿಲ್ಲ. ಆ ಮದುವೆಗೆ ನಾವು ಹೋಗಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ರಾಯಚೂರಿನಿಂದ:
ಭಾವನ ಹೆಸರೂ ಕ್ರಯಪತ್ರದಲ್ಲಿ ಬಂದರೆ ಬ್ಯಾಂಕಿನವರು ಸಾಮಾನ್ಯವಾಗಿ ಅವರ ಸಹಿಯನ್ನೂ ಸಾಲಕ್ಕೆ ಕೇಳುತ್ತಾರೆ. ಕಂತು ತಪ್ಪಿದರೆ ಅವರ ಸಿಬಿಲ್ (ಸಾಲ ಸರಿಯಾಗಿ ತೀರಿಸಿದ್ದಾರೋ ಅನ್ನೋದರ ಅಂಕ) ಕೂಡ ಕೆಡುತ್ತದೆ. ಅಕ್ಕನಿಗೂ ಇದು ಗೊತ್ತಿರಲಿ. ಮುಂಗಡ ಕೊಡುವ ಮುಂಚೆ ಇ-ಖಾತಾ, ಇಸಿ (ಆಸ್ತಿ ಮೇಲೆ ಸಾಲ-ಋಣ ಇದೆಯೋ ಅಂತ ತೋರಿಸುವ ಪತ್ರ) ನೋಡಿ. ಮುಂಗಡ ನಗದಿನಲ್ಲಿ ಬೇಡ. 20 ಸಾವಿರ ಮತ್ತು ಮೇಲ್ಪಟ್ಟ ಮುಂಗಡ ನಗದಿನಲ್ಲಿ ಪಡೆಯುವಂತಿಲ್ಲ.

ಕೇಳಿದವರಿಂದ:
ಎಲ್ಲರಿಗೂ ಧನ್ಯವಾದ. ನೋಂದಣಿ ಖರ್ಚು ನನ್ನ ತಲೆಯಲ್ಲೇ ಇರಲಿಲ್ಲ. ಭಾನುವಾರ ಅಕ್ಕ, ಭಾವ ಇಬ್ಬರನ್ನೂ ಕೂರಿಸಿಕೊಂಡು ಪಾಲು ಎಷ್ಟು, ಪಾಲು ಬಿಡುವಾಗ ಯಾವ ಬೆಲೆ ಅನ್ನೋದನ್ನು ಬರೆಯುತ್ತೇನೆ.