ಫಾರ್ಮ್ ಕಳಿಸಿದರೆ ಬರೀ ಸೊನ್ನೆ ಬರುತ್ತಿದೆ, ನಿಮಗೂ ಹೀಗಾಗಿದೆಯಾ?

ಕೇಳಿದವರು, ಚಿತ್ರದುರ್ಗ: ಕೋಟೆ ನೋಡಲು ಬರುವವರು ಗೈಡ್ ಬುಕ್ ಮಾಡಲಿ ಅಂತ ವರ್ಡ್‌ಪ್ರೆಸ್‌ನಲ್ಲಿ ಸೈಟ್ ಮಾಡಿದ್ದೇನೆ. ಪುಟ ರಿಲೋಡ್ ಆಗದೆ ಫಾರ್ಮ್ ಹೋಗಲಿ ಅಂತ ಅಜಾಕ್ಸ್ ಹಾಕಿದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿ ಇದೆ. ಬೇರೆಯವರ ಮೊಬೈಲ್‌ನಲ್ಲಿ 400 ಎರರ್, ಉತ್ತರ ಬರೀ 0. ಗೊತ್ತಿರುವವರು ಹೇಳಿ.

ದಾವಣಗೆರೆಯಿಂದ: ನೀವು ಅಡ್ಮಿನ್ ಆಗಿ ಲಾಗಿನ್ ಆಗಿಯೇ ನೋಡುತ್ತಿದ್ದೀರಿ, ಅಲ್ವಾ? ‘ಡಬ್ಲ್ಯೂಪಿ_ಅಜಾಕ್ಸ್_’ ಹುಕ್ (ಬಂದ ಫಾರ್ಮನ್ನು ನಿಮ್ಮ ಫಂಕ್ಷನ್‌ಗೆ ತಲುಪಿಸುವ ಕೊಂಡಿ) ಲಾಗಿನ್ ಆದವರಿಗೆ ಮಾತ್ರ. ಹೊರಗಿನವರಿಗೆ ‘ಡಬ್ಲ್ಯೂಪಿ_ಅಜಾಕ್ಸ್_ನೋಪ್ರಿವ್_’ ಬೇಕು. ಎರಡಕ್ಕೂ ಒಂದೇ ಫಂಕ್ಷನ್ ಕೊಡಿ. ನಾನು ಇದು ಗೊತ್ತಿಲ್ಲದೆ ಇಡೀ ದಿನ ಸುಮ್ನೆ ಜಾವಾಸ್ಕ್ರಿಪ್ಟ್ ಕೆದಕಿದ್ದೆ.

ಇನ್ನೊಂದು ವಿಷಯ. ಇಲ್ಲಿನ ಒಂದು ಬೆಣ್ಣೆ ದೋಸೆ ಹೋಟೆಲ್‌ಗೆ ಮದುವೆ ಆರ್ಡರ್ ಫಾರ್ಮ್ ಮಾಡಿಕೊಟ್ಟಿದ್ದೆ. ಜಗಳೂರು ಕಡೆಯ ಒಬ್ಬರಿಗೆ ನೆಟ್‌ವರ್ಕ್ ನಿಧಾನ, ಪುಟ ಬೇರೆ ರಿಲೋಡ್ ಆಗುವುದಿಲ್ಲವಲ್ಲ, ಒತ್ತಿದರೂ ಏನೂ ಆಗಲಿಲ್ಲ ಅಂದುಕೊಂಡು ಮೂರು ಸಲ ಒತ್ತಿದರು, 200 ದೋಸೆಯ ಆರ್ಡರ್ ಮೂರು ಸಲ ಬಿತ್ತು! ಮಾಲೀಕರು ಫೋನ್ ಮಾಡಿ ಕೇಳಿದ್ದಕ್ಕೆ ಹಿಟ್ಟು ಉಳಿಯಿತು. ಅದಕ್ಕೇ ಒತ್ತಿದ ತಕ್ಷಣ ಬಟನ್ ಬಂದ್ ಮಾಡಿ, ‘ಕಳಿಸುತ್ತಿದ್ದೇವೆ’ ಅಂತ ತೋರಿಸಿ. ಸರ್ವರ್ ಹೌದು ಅಂದ ಮೇಲಷ್ಟೇ ‘ಬುಕ್ ಆಯಿತು’ ಅನ್ನಿ. ಎರರ್ ಬಂದರೆ ಬಟನ್ ಮತ್ತೆ ತೆರೆಯಿರಿ, ಆದರೆ ಅವರು ಟೈಪ್ ಮಾಡಿದ್ದನ್ನು ಅಳಿಸಬೇಡಿ. ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡುವವರ ಕಷ್ಟ ಜಾಸ್ತಿ.

ಹಿರಿಯೂರಿನಿಂದ: ಮೇಲಿನವರು ಹೇಳಿದ್ದು ಸರಿ. ಅದಾದ ಮೇಲೆ ನಿಮಗೆ 403 ಮತ್ತು -1 ಕಾಣಬಹುದು, ಅದು ನಾನ್ಸ್ (ಫಾರ್ಮ್ ನಿಮ್ಮ ಸೈಟ್‌ನಿಂದಲೇ ಬಂತಾ ಅಂತ ನೋಡಲು ಪುಟದಲ್ಲಿ ಇಡುವ ತಾತ್ಕಾಲಿಕ ಕೋಡ್) ಹಳೆಯದಾದ ಲಕ್ಷಣ. ನಾನ್ಸ್ ಹೆಚ್ಚೆಂದರೆ 24 ಗಂಟೆ ನಡೆಯುತ್ತದೆ. ಕ್ಯಾಶ್ ಪ್ಲಗಿನ್ (ಸೈಟ್ ಬೇಗ ತೆರೆಯಲಿ ಅಂತ ಪುಟದ ಪ್ರತಿ ಉಳಿಸಿಡುವಂಥದ್ದು) ಅದೇ ಪುಟವನ್ನು ಮೂರು ದಿನ ಇಟ್ಟುಕೊಂಡು ಕೊಟ್ಟರೆ ಬಂದವರಿಗೆಲ್ಲ ಹಳೇ ನಾನ್ಸೇ ಸಿಗುತ್ತದೆ. ಲಾಗಿನ್ ಆದವರಿಗೆ ಸಾಮಾನ್ಯವಾಗಿ ಕ್ಯಾಶ್ ಪುಟ ಬರುವುದಿಲ್ಲ, ಹಾಗಾಗಿ ಇದೂ ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಫಾರ್ಮ್ ಇರುವ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ದಯವಿಟ್ಟು ನಾನ್ಸ್ ಚೆಕ್ ತೆಗೆದುಹಾಕಬೇಡಿ. ಆಮೇಲೆ, ಬುಕಿಂಗ್ ಮೊದಲು ಡೇಟಾಬೇಸ್‌ಗೆ ಹೋಗಲಿ, ಇಮೇಲ್ ಆಮೇಲೆ. ನನ್ನ ಸೈಟ್‌ನಲ್ಲಿ ಮೇಲ್ ನಿಂತು ಹೋಗಿ ಎರಡು ದಿನದ ವಿಚಾರಣೆಗಳು ಕಳೆದುಹೋದವು, ಆ ಜನರನ್ನು ಎಲ್ಲಿ ಹುಡುಕುವುದು?

ಕೇಳಿದವರು: ನೋಪ್ರಿವ್ ಸೇರಿಸಿದೆ, ಅಮ್ಮನ ಮೊಬೈಲ್‌ನಿಂದ ಬುಕಿಂಗ್ ಬಂತು! ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಬಟನ್ ಕೂಡ ಬಂದ್ ಮಾಡಿದೆ. ನನ್ನ ಪ್ಲಗಿನ್‌ನಲ್ಲಿ ಕ್ಯಾಶ್ 7 ದಿನ ಅಂತಿತ್ತು, ಆ ಪುಟ ಹೊರಗಿಟ್ಟಿದ್ದೇನೆ. ನಾಡಿದ್ದು ಅದೇ ಮೊಬೈಲ್‌ನಿಂದ ಮತ್ತೆ ಕಳಿಸಿ ನೋಡಿ ಇಲ್ಲೇ ಹೇಳುತ್ತೇನೆ.