ಮೊದಲ ಸ್ಟೀರಿಯೊ ಕೊಳ್ಳುವವರಿಗೆ: ಆಡಿಯೊ ಟೆಕ್ನಿಷಿಯನ್ ಜೊತೆ ಪ್ರಶ್ನೋತ್ತರ

ಟೆಕ್ನಿಷಿಯನ್: ರಾತ್ರಿ 9ರ ತನಕ ಇರುತ್ತೇನೆ. ಕೋಣೆಯ ಅಳತೆ, ಬಜೆಟ್, ಹಾಡು ಎಲ್ಲಿಂದ ಹಾಕುತ್ತೀರಿ, ಮೂರನ್ನೂ ಬರೆಯಿರಿ.

ಕುಂದಾಪ್ರದ್ ಗಂಡ್: ಸರ್, 10×12 ಅಡಿ ಕೋಣೆ, 40 ಸಾವಿರ, ಫೋನು ಮತ್ತು ಸಿಡಿ. ಟವರ್ ಸ್ಪೀಕರ್ ತಗೊಳ್ಳುದಾ?

ಟೆಕ್ನಿಷಿಯನ್: ಆ ಕೋಣೆಗೆ ನೆಲದ ಮೇಲೆ ನಿಲ್ಲುವ ಟವರ್ ಬೇಡ, ಬಾಸ್ (ತಗ್ಗು ಸ್ವರ) ಮೂಲೆಯಲ್ಲಿ ಗುಮ್ಮೆನ್ನುತ್ತದೆ. ಐದೂವರೆ ಅಥವಾ ಆರೂವರೆ ಇಂಚು ವೂಫರಿನ (ತಗ್ಗು ಸ್ವರ ನುಡಿಸುವ ದೊಡ್ಡ ಕೋನ್) ಸಣ್ಣ ಬುಕ್‌ಶೆಲ್ಫ್ ಸ್ಪೀಕರ್ ಜೋಡಿ ಸಾಕು. ಅರ್ಧಕ್ಕಿಂತ ಹೆಚ್ಚು ದುಡ್ಡು ಸ್ಪೀಕರಿಗೇ ಹೋಗಲಿ. ಆಂಪ್ (ಆಂಪ್ಲಿಫೈಯರ್) 8 ಓಮ್‌ಗೆ ಚಾನೆಲ್ಲಿಗೆ 40–50 ವ್ಯಾಟ್ ಆರ್‌ಎಂಎಸ್ (ನಿರಂತರವಾಗಿ ಕೊಡುವ ಶಕ್ತಿ). ಸ್ಪೀಕರಿನ ಸೆನ್ಸಿಟಿವಿಟಿ (ಒಂದು ವ್ಯಾಟಿಗೆ ಎಷ್ಟು ಡೆಸಿಬೆಲ್, ಅಂದರೆ ಡಿಬಿ, ಜೋರು) ಕೇಳಿಯೇ ತಗೊಳ್ಳಿ: 85 ಡಿಬಿಯದ್ದು 88 ಡಿಬಿಯದ್ದರಷ್ಟು ಜೋರಾಗಿ ಹಾಡಬೇಕಾದರೆ ಎರಡು ಪಟ್ಟು ವ್ಯಾಟ್ ಬೇಕು. ಟ್ವೀಟರ್ (ಮೇಲಿನ ಸ್ವರದ ಚಿಕ್ಕ ಕೋನ್) ಕೂತವರ ಕಿವಿ ಎತ್ತರಕ್ಕಿರಲಿ, ಸ್ಪೀಕರ್ ಹಿಂದಿನ ಗೋಡೆಯಿಂದ ಒಂದಡಿಯಾದರೂ ಮುಂದೆ. ಸ್ಪೀಕರ್‌ಗಳ ನಡುವೆ 6 ಅಡಿ ಬಿಟ್ಟರೆ ನೀವೂ ಹೆಚ್ಚುಕಮ್ಮಿ ಅಷ್ಟೇ ದೂರ ಕೂರಿ. ಶೋಕೇಸಿನೊಳಗೆ ತುರುಕಬೇಡಿ.

ಹುಬ್ಬಳ್ಳಿ ಮಂದಿ: ಸರ್, 10,000 ವ್ಯಾಟ್ ಪಿಎಂಪಿಒ ಸೆಟ್ ಅಗ್ಗ ಐತ್ರಿ. ತಗೋಳ್ಳೇನ್ರಿ?

ಟೆಕ್ನಿಷಿಯನ್: ಬೇಡ. ಪಿಎಂಪಿಒ ಎಂದರೆ ಉಬ್ಬಿಸಿದ ಲೆಕ್ಕ. ಹಿಂಬದಿಯ ಲೇಬಲ್‌ನಲ್ಲಿ ಅದು ಎಳೆಯುವ ವ್ಯಾಟ್ ಎಷ್ಟಿದೆ ನೋಡಿ. 60 ಎಳೆಯುವ ಪೆಟ್ಟಿಗೆ ಹತ್ತು ಸಾವಿರ ಎಲ್ಲಿಂದ ತರುತ್ತದೆ?

ತುಮಕೂರು ತೆಂಗು: ಸರ್, ಹಳೇ ಆಂಪ್ ತಂದ್ವಿ. ಸೆಟ್‌ಟಾಪ್ ಬಾಕ್ಸ್ ಜೋಡಿಸಿದ್ರೆ ಗುಂಯ್ ಅಂತಿತ್ತು. ವಾಟ್ಸಾಪ್ ವಿಡಿಯೊ ನೋಡಿ ಪ್ಲಗ್ಗಿನ ದಪ್ಪ ಪಿನ್ ಕತ್ತರಿಸಿದೆ, ಗುಂಯ್ ಹೋಯ್ತು. ಈಗ ಬಾಕ್ಸ್ ವೈರ್ ತೆಗೆದು ಫೋನಿಂದ ಹಾಡು ಹಾಕಿದಾಗ ಆಂಪಿನ ಮೈ ಮುಟ್ಟಿದ್ರೆ ಜುಮ್ ಅನ್ನುತ್ತೆ. ಮನೇಲಿ ಚಿಕ್ಕ ಮಕ್ಕಳಿದ್ದಾರೆ.

ಟೆಕ್ನಿಷಿಯನ್: ಮೊದಲು ಆಂಪಿನ ಪ್ಲಗ್ ಕೀಳಿ. ಆಮೇಲೆ ಮುಂದೆ ಓದಿ.

ಆ ದಪ್ಪ ಪಿನ್ ಅರ್ಥ್ ಪಿನ್, ಸೋರಿದ ಕರೆಂಟನ್ನು ನೆಲಕ್ಕಿಳಿಸುವುದು. ಅದನ್ನು ಕತ್ತರಿಸಿದಾಗ ಗುಂಯ್ ನಿಂತಿತು ಎಂದರೆ ನಿಮ್ಮ ಗೋಡೆಯ ಅರ್ಥ್ ಬಹುಶಃ ಚೆನ್ನಾಗಿಯೇ ಇದೆ. ಕೇಬಲ್ ಟಿವಿ ತಂತಿಯ ಜಾಲರಿ ಬೇರೆಲ್ಲೋ ಅರ್ಥ್ ಆಗಿರುತ್ತದೆ. ಎರಡು ಅರ್ಥ್ ಸೇರಿ ಸುತ್ತು ಬಿದ್ದು, 50 ಹರ್ಟ್ಸ್ ಕರೆಂಟ್ ಅದರಲ್ಲಿ ಹರಿಯುತ್ತಿತ್ತು. ನೀವು ಸುತ್ತಿನ ತಪ್ಪು ತುದಿ ಕತ್ತರಿಸಿದಿರಿ. ಈಗ ಆಂಪಿನಿಂದ ಸೋರುವ ಕರೆಂಟಿಗೆ ದಾರಿ ನಿಮ್ಮ ಮೈ ಒಂದೇ. ಇಂದು ಬರೀ ಜುಮ್. ನಾಳೆ ಟ್ರಾನ್ಸ್‌ಫಾರ್ಮರ್ ಇನ್ಸುಲೇಶನ್ ಸುಟ್ಟರೆ ಆಂಪಿನ ಮೈಗೆ ಪೂರ್ತಿ 230 ವೋಲ್ಟ್ ಬರುತ್ತದೆ, ಫ್ಯೂಸೂ ಹೋಗುವುದಿಲ್ಲ.

ಎಲೆಕ್ಟ್ರಿಷಿಯನ್ ಕರೆದು ಮಲ್ಟಿಮೀಟರಿನಲ್ಲಿ ಸಾಕೆಟ್ ಅಳೆಸಿ. ಫೇಸ್–ನ್ಯೂಟ್ರಲ್ ಸುಮಾರು 230, ಫೇಸ್–ಅರ್ಥ್ ಹತ್ತಿರ ಹತ್ತಿರ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟಿನೊಳಗೆ ಇರಬೇಕು. ಫೇಸ್–ಅರ್ಥ್ 60, 100 ಎಂದು ಓಲಾಡಿದರೆ ನನ್ನ ಊಹೆ ತಪ್ಪು, ಅರ್ಥ್ ಕಡಿದಿದೆ. ಆಗ ಸಾಕೆಟ್ಟಿನೊಳಗೆ ಅರ್ಥ್‌ಗೂ ನ್ಯೂಟ್ರಲ್‌ಗೂ ತುಂಡು ವೈರ್ ಹಾಕಿ ಕೈತೊಳೆಯುವವರಿದ್ದಾರೆ. ಬಿಡಬೇಡಿ. ನ್ಯೂಟ್ರಲ್ ಕಡಿದ ದಿನ ಆಂಪ್ ಮುಟ್ಟಿದವರು ಹೋದರು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಇದೆಯೇ ಎಂದೂ ನೋಡಿಸಿ.

ಅರ್ಥ್ ಸರಿ ಇದ್ದರೆ ಹೊಸ ಮೂರು ಪಿನ್ ಪ್ಲಗ್ ಹಾಕಿಸಿ. ಗುಂಯ್ ಮರಳಿ ಬರುತ್ತದೆ, ಬರಲಿ. ಬಾಕ್ಸಿನ ಹಿಂದಿನ ಕೇಬಲ್ ತಂತಿ ಬಿಚ್ಚಿ. ಗುಂಯ್ ನಿಂತರೆ ಅಲ್ಲಿಗೆ ಐಸೊಲೇಟರ್ (ಸಿಗ್ನಲ್ ಬಿಟ್ಟು ಅರ್ಥ್ ಸುತ್ತು ಕಡಿಯುವ ಬಿಡಿಭಾಗ) ಹಾಕಿ. ಟಿವಿಯಲ್ಲಿ ಆಪ್ಟಿಕಲ್ ಔಟ್ ಇದ್ದರೆ ಅಲ್ಲಿಂದ ಒಂದು ಡ್ಯಾಕ್ (ಡಿಜಿಟಲ್ ಸಿಗ್ನಲನ್ನು ಆಂಪಿಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಮೂಲಕ ಆಂಪಿಗೆ ಕೊಡಿ. ಆಪ್ಟಿಕಲ್ ತಂತಿಯಲ್ಲಿ ಬೆಳಕು ಮಾತ್ರ ಹೋಗುತ್ತದೆ, ಸುತ್ತು ಬೀಳುವ ಮಾತೇ ಇಲ್ಲ.

ಗಾಂಧಿಬಜಾರ್ ಕಾಫಿ: ಎರಡು ಪಿನ್ನಲ್ಲಿ ಎಷ್ಟೋ ಸಾಮಾನು ಬರುತ್ತಲ್ವಾ? ಸುಮ್ನೆ ಹೆದರಿಸ್ತೀರ.

ಟೆಕ್ನಿಷಿಯನ್: ಅವುಗಳ ಒಳಗೆ ಎರಡು ಪದರ ಇನ್ಸುಲೇಶನ್ ಇರುತ್ತದೆ, ಲೇಬಲ್ ಮೇಲೆ ಚೌಕದೊಳಗೆ ಚೌಕ ಇರುತ್ತದೆ. ಮೂರು ಪಿನ್ನಿನದ್ದು ಮೂರರಲ್ಲೇ ಓಡಬೇಕು. ಆ ವಿಡಿಯೊ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಬೇಡಿ.

ಮಲ್ನಾಡ್ ಮಳೆ: ಗೋಡೆಗೆ ಮೊಟ್ಟೆ ಟ್ರೇ ಅಂಟಿಸಿದ್ರೆ ಸ್ಟುಡಿಯೊ ಥರ ಆಗುತ್ತಂತೆ, ಈಗಷ್ಟೇ ಬಂದ ಫಾರ್ವರ್ಡ್.

ಟೆಕ್ನಿಷಿಯನ್: ಮತ್ತೊಂದು ಫಾರ್ವರ್ಡ್! ಬಾಸ್ ತಡೆಯುವುದಿಲ್ಲ, ಕಿಡಿ ಬಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ. ದಪ್ಪ ಪರದೆ, ಜಮಖಾನ, ಪುಸ್ತಕದ ಕಪಾಟು ಹಾಕಿ.

ಜಯನಗರ ಜಾಣ: ಸ್ಪೀಕರ್ ವೈರ್ ಬಗ್ಗೆ ಯಾರೂ ಹೇಳ್ತಿಲ್ಲ. ಆಕ್ಸಿಜನ್ ಫ್ರೀ ಕೇಬಲ್ ಇಲ್ಲದಿದ್ರೆ ಮೇಲಿನ ಸ್ವರ ಸತ್ತೇ ಹೋಗುತ್ತೆ. 8 ಸಾವಿರ ಕೊಟ್ಟರೂ ನಷ್ಟ ಇಲ್ಲ.

ದಾವಣಗೆರೆ ಬೆಣ್ಣೆ: ಮನೆ ವೈರಿಂಗ್‌ನ 2.5 ಚದರ ಮಿ.ಮೀ. ತಾಮ್ರದ ವೈರ್ ಸಾಕು ಗುರುವೇ. 5 ಮೀಟರ್ ದೂರಕ್ಕೆ ಹೋಗಿ ಬರೋ ರೆಸಿಸ್ಟೆನ್ಸ್ ಸುಮಾರು 0.07 ಓಮ್. 8 ಓಮ್ ಮುಂದೆ ಶೇ. 1 ಕೂಡ ಇಲ್ಲ.

ಜಯನಗರ ಜಾಣ: ಲೆಕ್ಕ ಹಾಕೋರಿಗೆ ಸಂಗೀತ ಕೇಳಿಸಲ್ಲ ಬಿಡಿ.

ದಾವಣಗೆರೆ ಬೆಣ್ಣೆ: ಕಣ್ಣು ಕಟ್ಟಿ ಕೂರಿಸ್ತೀನಿ, ಯಾವುದು ಯಾವ ವೈರ್ ಅಂತ ಹತ್ತು ಸಲ ಹೇಳಿ ನೋಡೋಣ.

ಮೈಸೂರು ಮಲ್ಲಿಗೆ: ಸರ್, ಗ್ರಾಮಫೋನ್ ರೆಕಾರ್ಡ್ ಪ್ಲೇಯರಿಗೆ ಫೋನೊ ಇನ್‌ಪುಟ್ ಇರೋ ಆಂಪೇ ಬೇಕಾ?

ಜಯನಗರ ಜಾಣ: ದಾವಣಗೆರೆಯವರೇ, ಬನ್ರೀ ನಮ್ಮನೆಗೆ, ಕೂತು ಕೇಳಿ, ಆಮೇಲೆ ಮಾತಾಡಿ.

ಹುಬ್ಬಳ್ಳಿ ಮಂದಿ: ಒಂದೇ ಆಂಪಿಗೆ ನಾಕು ಸ್ಪೀಕರ್ ಕೊಟ್ರ ಸೌಂಡ್ ಡಬಲ್ ಆಕ್ಕೈತೇನ್ರಿ?

ಟೆಕ್ನಿಷಿಯನ್: ಒಂದು ಚಾನೆಲ್ಲಿಗೆ ಎರಡು 8 ಓಮ್ ಪಕ್ಕಪಕ್ಕ ಜೋಡಿಸಿದರೆ 4 ಓಮ್. ಆಂಪ್ ಹಿಂದೆ 4 ಎಂದು ಬರೆದಿಲ್ಲದಿದ್ದರೆ ಔಟ್‌ಪುಟ್ ಸುಡಬಹುದು. ವೈರ್ ಜಗಳ ಮಾಡುವವರು ಬೇರೆ ಗುಂಪಿಗೆ ಹೋಗಿ.

ಶಿರಸಿ ಅಡಿಕೆ: ಸರ್, ನಮ್ದು 10×11 ಕೋಣೆ. ಎಷ್ಟು ವ್ಯಾಟ್ ಬೇಕು?

ಟೆಕ್ನಿಷಿಯನ್: ಮೊದಲ ಉತ್ತರ ಓದಿ.

ತುಮಕೂರು ತೆಂಗು: ಅಳೆಸಿದೆ ಸರ್. ಫೇಸ್–ಅರ್ಥ್ 226, ನ್ಯೂಟ್ರಲ್–ಅರ್ಥ್ ಒಂದೂವರೆ. ಆರ್‌ಸಿಸಿಬಿ ಇಲ್ಲವಂತೆ.

ಟೆಕ್ನಿಷಿಯನ್: ಅರ್ಥ್ ಸರಿ ಇದೆ. ಎಲೆಕ್ಟ್ರಿಷಿಯನ್ ಹೊರಡುವ ಮೊದಲು ಆರ್‌ಸಿಸಿಬಿಗೆ ಹೇಳಿಬಿಡಿ. ಪ್ಲಗ್ ಬದಲಾಗುವ ತನಕ ಆಂಪ್ ಹಚ್ಚಬೇಡಿ.

ಜಯನಗರ ಜಾಣ: ಎಲೆಕ್ಟ್ರಿಷಿಯನ್ ಕ್ಲಾಸಾ ಇದು?

ದಾವಣಗೆರೆ ಬೆಣ್ಣೆ: ನಿಮ್ಮ 8 ಸಾವಿರದ ಕೇಬಲ್ ಹಚ್ಚಿದ ಆಂಪ್ ಗೋಡೇಲಿ ಯಾವ ವೈರಿಗೆ ಸೇರುತ್ತೆ ಸ್ವಾಮಿ?