ಅಪ್‌ಡೇಟ್: ಟಿವಿಯಲ್ಲಿ ಮಾಯವಾಗಿದ್ದ ಮಾತು ವಾಪಸ್ ಬಂತು

ಎಚ್‌ಡಿ ಚಾನೆಲ್ ಹಾಕಿದರೆ ಹೋಮ್ ಥಿಯೇಟರ್‌ನಲ್ಲಿ ಸಂಗೀತ, ಗದ್ದಲ ಎಲ್ಲಾ ಕೇಳುತ್ತೆ, ಮಾತು ಮಾತ್ರ ಇಲ್ಲ ಅಂತ ಕೇಳಿದ್ದೆ ಅಲ್ವಾ? ಸರಿಹೋಯಿತು.

ಎಚ್‌ಡಿಎಂಐ ಕೇಬಲ್ ಬದಲಿಸಿದ್ದು, ಬಾಕ್ಸ್ ರೀಸೆಟ್ ಮಾಡಿದ್ದು ಎರಡೂ ದಂಡ. ಸೆಟ್ ಟಾಪ್ ಬಾಕ್ಸ್‌ನ ಆಡಿಯೋವನ್ನು ಡಾಲ್ಬಿಯಿಂದ ಸ್ಟೀರಿಯೋಗೆ ಹಾಕಿ ನೋಡಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಹಾಕಿದ ಕೂಡಲೇ ಮಾತು ಬಂತು. ಅಂದರೆ ತೊಂದರೆ ಸೆಂಟರ್ ಸ್ಪೀಕರ್‌ನದು. ಡಾಲ್ಬಿಯ 5.1 ಸೌಂಡ್‌ನಲ್ಲಿ (ಐದು ಸ್ಪೀಕರ್, ಒಂದು ಸಬ್‌ವೂಫರ್) ಮಾತು ಹೆಚ್ಚಾಗಿ ನಡುವೆ ಇಡೋ ಅದೊಂದರಲ್ಲೇ ಬರುತ್ತೆ, ಸ್ಟೀರಿಯೋ ಮಾಡಿದರೆ ಎಡ ಬಲ ಎರಡಕ್ಕೂ ಹಂಚಿಹೋಗುತ್ತೆ. ಕ್ರಿಕೆಟ್‌ನಲ್ಲಿ ಜನರ ಕೂಗು ಕೇಳಿ ಕಾಮೆಂಟರಿ ಕೇಳದೇ ಇದ್ದದ್ದು ಇದಕ್ಕೇ. ಜಾಹೀರಾತು ಮಾತ್ರ ಗಂಟಲು ಹರಿಯೋ ಹಾಗೆ ಒದರುತ್ತಿದ್ದವು. ಅವು ಸಾಮಾನ್ಯವಾಗಿ ಸ್ಟೀರಿಯೋದಲ್ಲೇ ಇರುತ್ತವಂತೆ!

ಶೋಕೇಸ್ ಎಳೆದು ನೋಡಿದರೆ ಸೆಂಟರ್ ಸ್ಪೀಕರ್ ವೈರನ್ನು ಇಲಿ ಕಡಿದು ತಾಮ್ರದ ಎಳೆ ಹೊರಗೆ ಬಂದಿತ್ತು. ಅದಕ್ಕೂ ಧಾರಾವಾಹಿ ಸಾಕಾಗಿತ್ತೋ ಏನೋ. ಹುಬ್ಬಳ್ಳಿಯ ದುರ್ಗದಬೈಲಿಗೆ ಹೋದಾಗ ಹೊಸ ವೈರ್ ತಂದೆ. ಕೆಂಪು, ಕಪ್ಪು ನೋಡಿ ಕ್ಲಿಪ್ಪಿಗೆ ಸಿಕ್ಕಿಸಿ ಬಾಕ್ಸನ್ನು ಮತ್ತೆ ಡಾಲ್ಬಿಗೆ ಹಾಕಿದೆ. ಈಗ ಎಲ್ಲಾ ಸರಿಯಾಗಿದೆ.

ಸೆಂಟರ್ ಸ್ಪೀಕರೇ ಇಲ್ಲದವರು ಬಾಕ್ಸನ್ನು ಸ್ಟೀರಿಯೋದಲ್ಲೇ ಬಿಡಿ, ಸುಮ್ನೆ ಟಿವಿ ರಿಪೇರಿಗೆ ದುಡ್ಡು ಹಾಕಬೇಡಿ.